ಕೆನಾಲ್ ಸೇತುವೆಯಿಂದ ಮುಂದೆ

ಹೋದ ವಾರ ರಾಯಚೂರಿನ ಗಂಜ್ ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿಯ ಹಿಂದೆ ನನ್ನ ಸ್ಕೂಟರ್ ಸಿಕ್ಕಿಬಿತ್ತು. ಹಿಂದಿನ ಸಂಜೆ ನಾಲ್ಕು ಹನಿ ಬಿದ್ದು ಹತ್ತಿ ನೆಂದಿತ್ತು. ನೆಂದ ಹತ್ತಿಗೆ ಒಂದು ವಾಸನೆ ಇದೆ. ಬೀಜದ ಎಣ್ಣೆ, ಒಣ ಎಲೆಯ ಪುಡಿ, ಎರೆಮಣ್ಣು ಮೂರೂ ಸೇರಿದ ವಾಸನೆ. ಹಾರ್ನ್ ಹೊಡೆಯುವುದನ್ನು ಬಿಟ್ಟು ನಾನು ಲಾರಿಯ ಹಿಂದೆಯೇ ಹೋದೆ. ನಾನು ತಿರುಗಬೇಕಾದ ಓಣಿ ದಾಟಿ ಹೋದದ್ದು ಆಮೇಲೆ ಗೊತ್ತಾಯಿತು.

ಹತ್ತಿ ಬಿಡಿಸುವ ಒಂದು ಹಂಗಾಮನ್ನು ನಾನು ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಕಳೆದಿದ್ದೇನೆ. ಅದರ ಬಗ್ಗೆ ಇದುವರೆಗೆ ಬರೆದಿಲ್ಲ. ಯಾರ ಹೆಸರನ್ನೂ ಹೊರಗೆ ಹೇಳುವುದಿಲ್ಲ ಎಂದು ಅಲ್ಲಿನ ಹೆಂಗಸರಿಗೆ ಮಾತು ಕೊಟ್ಟಿದ್ದೆ. ಆದ್ದರಿಂದ ಇಲ್ಲಿನ ಹೆಸರುಗಳು ನಿಜವಾದವಲ್ಲ, ಊರಿನ ಹೆಸರು ಹೇಳುವುದೂ ಇಲ್ಲ. ಉಳಿದದ್ದು ನಡೆದ ಹಾಗೆಯೇ ಇದೆ.

ನಾನು ನರ್ಸ್. ಆ ವರ್ಷ ನಮ್ಮ ನರ್ಸಿಂಗ್ ಕಾಲೇಜಿನ ಮೇಡಂ ಒಬ್ಬರು ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಲ್ಲಿ ಹಸುಗೂಸುಗಳ ಸಾವಿನ ಕುರಿತು ಸಂಶೋಧನೆ ಕೈಗೆತ್ತಿಕೊಂಡಿದ್ದರು. ಹಿಂದಿನ ಎರಡು ವರ್ಷಗಳಲ್ಲಿ ಕೂಸು ಕಳೆದುಕೊಂಡ ಮನೆಗಳಿಗೆ ಹೋಗಿ, ಕೂತು, ಕೇಳಿ, ನಮೂನೆ ತುಂಬಿಕೊಂಡು ಬರುವ ಕೆಲಸ ನನ್ನದು. ಬೆಳಿಗ್ಗೆ ರಾಯಚೂರಿನಿಂದ ಬಸ್ಸು, ದೇವದುರ್ಗದಿಂದ ಟಂಟಂ ಆಟೋ, ಸಂಜೆ ಐದಕ್ಕೆ ಮರಳುವ ಬಸ್ಸು. ಹಳ್ಳಿಯಲ್ಲಿ ನನ್ನನ್ನು ಮನೆ ಮನೆಗೆ ಕರೆದುಕೊಂಡು ಹೋಗುತ್ತಿದ್ದವಳು ಅಲ್ಲಿನ ಆಶಾ ಕಾರ್ಯಕರ್ತೆ ಮಹಬೂಬಿ. ಮನೆಯಲ್ಲಿ ಮಕ್ಕಳನ್ನು ದಖನಿ ಉರ್ದುವಿನಲ್ಲಿ ಬೈದು, ಹೊಸ್ತಿಲು ದಾಟಿದೊಡನೆ ಕನ್ನಡದಲ್ಲಿ ನಗುವ ಹೆಂಗಸು. ನಾನು ಚಪ್ಪಲಿಯಲ್ಲಿ ಎರೆ ಹೊಲ ದಾಟಲು ಒದ್ದಾಡುವುದನ್ನು ನೋಡಿ, ರಾಯಚೂರಿನ ಕಾಲುಗಳಿಗೆ ಡಾಂಬರು ಹಾಸಿಕೊಡಲು ಪಂಚಾಯಿತಿಗೆ ಅರ್ಜಿ ಕೊಡುತ್ತೇನೆ ಎನ್ನುತ್ತಿದ್ದಳು.

ನಮ್ಮ ನಮೂನೆಯ ಮೊದಲ ಪುಟದಲ್ಲಿ ಮೂರು ಪ್ರಶ್ನೆಗಳಿದ್ದವು. ಹುಟ್ಟಿದ ಮೇಲೆ ಮಗು ಅತ್ತಿತೇ? ಉಸಿರಾಡಿತೇ? ಕೈಕಾಲು ಆಡಿಸಿತೇ? ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಅದು ಬದುಕಿ ಸತ್ತ ಮಗು. ಆಗ ಇನ್ನೂ ಹನ್ನೊಂದು ಪುಟ ಕೇಳಬೇಕು. ಮಗುವನ್ನು ಬೆಚ್ಚಗೆ ಸುತ್ತಿದರೇ, ಯಾರು ಎತ್ತಿಕೊಂಡಿದ್ದರು, ಗಾಡಿ ಯಾವಾಗ ಬಂತು, ದಾರಿಯಲ್ಲಿ ಎಷ್ಟು ಹೊತ್ತಾಯಿತು. ಏನು ಮಾಡಿದ್ದರೆ ಅದು ಉಳಿಯುತ್ತಿತ್ತು ಎಂಬುದು ಆ ಹನ್ನೊಂದು ಪುಟಗಳಿಂದಲೇ ತಿಳಿಯಬೇಕು. ಮೂರಕ್ಕೂ ಇಲ್ಲ ಎಂದರೆ ಅದು ಸತ್ತು ಹುಟ್ಟಿದ ಮಗು. ನಮ್ಮ ಸಂಶೋಧನೆ ಅದನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿತ್ತು.

ಬಹುಪಾಲು ಮನೆಗಳಲ್ಲಿ ನನಗೆ ಸಿಕ್ಕ ಉತ್ತರ ಒಂದೇ, ಅಳಲಿಲ್ಲ. ಮುಚ್ಚಿಡದೆ ಹೇಳುತ್ತೇನೆ, ಆ ಉತ್ತರ ಬಂದಾಗ ನನಗೆ ಹಗುರವಾಗುತ್ತಿತ್ತು. ಎದುರು ಕೂತವಳನ್ನು ಹನ್ನೊಂದು ಪುಟದುದ್ದ ಅಳಿಸುವುದು ತಪ್ಪುತ್ತಿತ್ತು, ಐದರ ಬಸ್ಸೂ ಸಿಗುತ್ತಿತ್ತು. ಗುರುತು ಹಾಕಿ ಪೆನ್ನು ಮುಚ್ಚುತ್ತಿದ್ದೆ. ಎಲ್ಲ ಮನೆಗಳಲ್ಲೂ ಒಂದೇ ಮಾತು, ಒಂದೇ ದನಿಯಲ್ಲಿ ಬರುತ್ತಿದೆ ಎಂದು ನನ್ನ ಕಿವಿಗೆ ಬೀಳಬೇಕಿತ್ತು. ಬೀಳಲಿಲ್ಲ.

ಹನುಮಂತಿಯ ಮನೆಗೆ ಹೋದ ದಿನವೂ ಹಾಗೆಯೇ ಆಯಿತು. ಅತ್ತೆ ಈರಮ್ಮ ಹೊಸ್ತಿಲ ಬಳಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆ ಹನುಮಂತಿ ಒಳಬಾಗಿಲಲ್ಲಿ, ಅತ್ತೆಯ ಬೆನ್ನಿಗೆ ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸು. ನಾನು ಕೇಳಿದ ಪ್ರತಿಯೊಂದಕ್ಕೂ ಮೊರದಿಂದ ತಲೆ ಎತ್ತದೆ ಈರಮ್ಮನೇ ಉತ್ತರ ಕೊಟ್ಟಳು. ಅಳಲಿಲ್ಲ. ಉಸಿರಾಡಲಿಲ್ಲ. ಕೈಕಾಲು ಆಡಿಸಿತೇ ಎಂದಾಗ, "ಇಲ್ಲ ಅಂದ್ನೆಲ್ಲವಾ, ಬರೂ ಮುಂದನ ಹೋಗಿತ್ತು" ಎಂದಳು. ಟ್ರಂಕಿನಿಂದ ಆಸ್ಪತ್ರೆಯ ಚೀಟಿಯನ್ನೂ ತೆಗೆಸಿ ತೋರಿಸಿದಳು. ಅದರಲ್ಲೂ ಸತ್ತು ಹುಟ್ಟಿದ ಮಗು ಎಂದೇ ಇತ್ತು. ನಾನು ಗುರುತು ಹಾಕಿದೆ. ಹನುಮಂತಿ ನನ್ನ ಮುಖ ನೋಡಲಿಲ್ಲ. ನನ್ನ ಪೆನ್ನು ಎಲ್ಲಿ ಹೋಗುತ್ತಿದೆ, ಅದನ್ನೇ ನೋಡುತ್ತಿದ್ದಳು.

ಮರುದಿನ ನಾನು ಟಂಟಂನಿಂದ ಇಳಿಯುವಷ್ಟರಲ್ಲಿ ಮಹಬೂಬಿ ಬಂದು, ಹನುಮಂತಿ ಹೊಲದಲ್ಲಿದ್ದಾಳೆ, ನಿಮ್ಮನ್ನು ಕರೆಯುತ್ತಿದ್ದಾಳೆ ಎಂದಳು. ಇಬ್ಬನಿ ಆರಿ ಬಿಸಿಲು ಏರುತ್ತಿತ್ತು. ಹತ್ತಿ ಬಿಡಿಸುವ ಹೆಂಗಸರು ಸಾಲು ಹಿಡಿದು ಮುಂದೆ ಹೋಗಿದ್ದರು. ಸೊಂಟಕ್ಕೆ ಉಡಿ ಕಟ್ಟಿಕೊಂಡು ಹನುಮಂತಿ ಒಬ್ಬಳೇ ಹಿಂದೆ ಉಳಿದಿದ್ದಳು. ನಾನು ಪಕ್ಕದ ಸಾಲಿನಲ್ಲಿ ನಿಂತೆ. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನಾನೂ ಬಿಡಿಸತೊಡಗಿದೆ. ಒಣಗಿದ ಕಾಯಿಯ ತುದಿ ಬೆರಳಿಗೆ ಚುಚ್ಚುತ್ತಿತ್ತು.

"ಅಕ್ಕಾರ, ನಿನ್ನಿ ಆ ಹಾಳಿಯಾಗ ಏನ್ ಬರದ್ರಿ?" ಎಂದು ಕೇಳಿದಳು.

ಅಳಲಿಲ್ಲ ಎಂದು ಬರೆದೆ ಎಂದೆ. ಅವಳು ಇನ್ನೆರಡು ಕಾಯಿ ಬಿಡಿಸಿದಳು.

"ಅತ್ತಿತ್ತು. ದವಾಖಾನಿಗಿ ಹೊಂಟಾಗ ಟಂಟಂದಾಗ ಹಡದೆ, ಕೆನಾಲ ಬ್ರಿಜ್ಜಿನ ಮ್ಯಾಲ. ಅಲ್ಲಿಂದ ಹತ್ತಿ ಮಿಲ್ಲಿನ ತನಕ ಅಳಕೋತ ಬಂತು. ಆಮ್ಯಾಲ ನನಗ ಎಚ್ಚರಿಲ್ಲ."

ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಪ್ರಶ್ನೆಗೆ ಈಗಲೂ ನಾಚುತ್ತೇನೆ.

"ನೀವು ನಮ್ಮತ್ತೀನ್ನ ಕೇಳಿದ್ರಿ. ನನ್ನ ಕೇಳಲಿಲ್ಲ."

ಬದುವಿನ ಮೇಲೆ ಕೂತು ಮಹಬೂಬಿ ಉಳಿದದ್ದನ್ನು ಬಿಡಿಸಿ ಹೇಳಿದಳು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸನ್ನು ಅಲ್ಲಿ ಅಳಲಿಲ್ಲ ಎಂದೇ ಹೇಳುತ್ತಾರೆ. ಅತ್ತಿತ್ತು ಎಂದರೆ ಆ ದನಿ ತಾಯಿಯ ಕಿವಿಯಲ್ಲಿ ಉಳಿಯುತ್ತದೆ, ಮುಂದಿನ ಬಸುರಿಗೆ ಅವಳು ಅಂಜುತ್ತಾಳೆ. ಅದಕ್ಕಾಗಿ ಮನೆಯ ಹಿರಿಯ ಹೆಂಗಸರು ಒಂದು ಮಾತು ಗಟ್ಟಿ ಮಾಡುತ್ತಾರೆ, ಓಣಿಯೆಲ್ಲ ಅದನ್ನೇ ಹೇಳುತ್ತದೆ. ಕೆಲವು ದಿನಗಳಲ್ಲಿ ತಾಯಿಯೂ ಅದನ್ನೇ ಹೇಳತೊಡಗುತ್ತಾಳೆ. ತಮ್ಮ ಮಂದಿಯಲ್ಲೂ ಹಾಗೆಯೇ ಎಂದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದಾಗ ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ನರ್ಸು. ಹೆರಿಗಿ ಮಾಡಿಸಿದಾಕಿ. ನಿಮಗ ಗೊತ್ತಿರತದ ಅಂದ್ಕೊಂಡಿದ್ದೆ."

ನನಗೆ ಗೊತ್ತಿತ್ತು.

ಈ ಕೆಲಸಕ್ಕೆ ಬರುವ ಮೊದಲು ನಾಲ್ಕು ವರ್ಷ ಮಾನ್ವಿ ಕಡೆಯ ಒಂದು ಸಣ್ಣ ಹೆರಿಗೆ ಮನೆಯಲ್ಲಿದ್ದೆ. ಅದು ಈಗ ಇಲ್ಲ. ಒಂದು ಮಧ್ಯಾಹ್ನ ಪೋತ್ನಾಳದ ಆಚೆಯ ಹಳ್ಳಿಯಿಂದ ಬಂದ ಹೆಂಗಸಿಗೆ ದಿನ ತುಂಬದೆ ಹೆರಿಗೆಯಾಯಿತು. ಕೂಸು ಒಮ್ಮೆ ದನಿ ತೆಗೆಯಿತು, ನನ್ನ ಕೈಯಲ್ಲಿ ಕಾಲು ಮಡಚಿತು. ಉಸಿರು ಕೊಡಲು ನಾವು ಮಾಡಬೇಕಾದದ್ದೆಲ್ಲ ಮಾಡಿದೆವು. ಅದು ಉಳಿಯಲಿಲ್ಲ. ಕೇಸ್ ಶೀಟಿನಲ್ಲಿ ನಾನು ಸರಿಯಾಗಿಯೇ ಬರೆದೆ. ಆಮೇಲೆ ಕೈ ತೊಳೆದುಕೊಂಡು ಬಂದು ಆಕೆಯ ಹಣೆ ಸವರಿ, ಅಳಲಿಲ್ಲವ್ವಾ, ನಿನಗ ಗೊತ್ತಾಗೂ ಮುಂದನ ಹೋತು ಎಂದೆ. ಹಾಗೆ ಹೇಳಲು ಯಾರೂ ನನಗೆ ಕಲಿಸಿರಲಿಲ್ಲ. ನನ್ನ ತಾಯಿ, ಅಜ್ಜಿ ಹೇಳುವುದನ್ನು ಕೇಳಿಯೇ ನಾನು ಬೆಳೆದಿದ್ದೆ. ಅದನ್ನು ಸುಳ್ಳು ಎಂದು ನಾನು ಎಣಿಸಿರಲೇ ಇಲ್ಲ. ಅದೇ ಮಾತು ಮನೆ ಮನೆಯಲ್ಲಿ ಎದುರು ಬಂದಾಗ ಅದನ್ನು ಉತ್ತರವೆಂದು ಬರೆದುಕೊಂಡೆ. ಹೊರಗಿನಿಂದ ಬಂದವರಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದರೇನೋ. ನಾನು ಈ ಕಡೆಯವಳಾದ್ದರಿಂದಲೇ ಕೇಳಲಿಲ್ಲ.

ಹನುಮಂತಿಗೆ ಬೇಕಾದದ್ದು ಒಂದೇ. ತನ್ನ ಕೂಸು ಅತ್ತಿತ್ತು ಎಂದು ಆ ಹಾಳೆಯಲ್ಲಿ ಇರಬೇಕು. ಅದರಿಂದ ಏನೂ ಸಿಗುವುದಿಲ್ಲ ಎಂದು ನಾನೇ ತಿಳಿಸಿ ಹೇಳಿದೆ. ಏನೂ ಬೇಡ, ಬರೆದರೆ ಸಾಕು ಎಂದಳು.

ಮರುದಿನ ರಾಯಚೂರಿನಲ್ಲಿ ಮೇಡಂ ಎದುರು ನಿಂತೆ. ಮೇಡಂ ಕೆಟ್ಟವರಲ್ಲ. ಇಪ್ಪತ್ತು ವರ್ಷ ವಾರ್ಡುಗಳಲ್ಲಿ ನಿಂತು ಬಂದವರು. ಆದರೆ ಸೋಮವಾರ ನಮೂನೆಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ಅವರು ಕೇಳಿದ್ದೆಲ್ಲ ನ್ಯಾಯವಾದದ್ದೇ. ಆಸ್ಪತ್ರೆಯ ಚೀಟಿ ಬೇರೆ ಹೇಳುತ್ತದೆಯಲ್ಲ ಎಂದರು. ನಾನು ಬರುವ ದಾರಿಯಲ್ಲಿ ಆಸ್ಪತ್ರೆಯ ಹತ್ತಿರ ಇಳಿದು ಅದನ್ನೂ ವಿಚಾರಿಸಿಕೊಂಡಿದ್ದೆ. ಅಲ್ಲಿಗೆ ತಲುಪುವಾಗಲೇ ಕೂಸಿನಲ್ಲಿ ಜೀವವಿರಲಿಲ್ಲ. ಜೊತೆಗೆ ಬಂದವರು ಹೇಳಿದ್ದನ್ನು ಚೀಟಿಯಲ್ಲಿ ಬರೆದಿದ್ದರು. ಹೇಳಿದವಳು ಈರಮ್ಮ. ಎಂದರೆ ಚೀಟಿಯೂ ಈರಮ್ಮನ ಮಾತೇ, ನಮ್ಮ ನಮೂನೆಯೂ ಈರಮ್ಮನ ಮಾತೇ. ಎರಡು ಸಾಕ್ಷಿ ಎಂದುಕೊಂಡದ್ದು ಒಂದೇ ಬಾಯಿಯಿಂದ ಬಂದದ್ದು.

ಮೇಡಂ ಚೀಟಿಯ ಮಾತು ಬಿಟ್ಟರು. ಆಮೇಲೆ, ಹೆತ್ತವಳಿಗೆ ಎಚ್ಚರ ಇತ್ತೋ ಇಲ್ಲವೋ, ಅವಳೊಬ್ಬಳ ಮಾತಿನ ಮೇಲೆ ತಿದ್ದಲು ಬಿಡುವುದಿಲ್ಲ ಎಂದರು. ಅಲ್ಲಿದ್ದ ಇನ್ನೊಬ್ಬರು ಹೇಳಬೇಕು, ಎಷ್ಟು ಹೊತ್ತು ಬದುಕಿತ್ತು ಎನ್ನುವುದು ನಿಮಿಷದಲ್ಲಿ ಬೇಕು. ಇದೊಂದನ್ನು ತಿದ್ದಿದರೆ ಉಳಿದ ಮನೆಗಳನ್ನು ಹೇಗೆ ನಂಬುವುದು ಎಂದೂ ಕೇಳಿದರು. ನಂಬುವಂತಿಲ್ಲ, ನಾನೇ ಕೇಳಿ ಬಂದವಳು, ಹೇಳುತ್ತಿದ್ದೇನೆ, ನಂಬುವಂತಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು.

"ನೀನು ನರ್ಸ್ ಇದ್ದಿ, ವಕೀಲಳಲ್ಲ."

"ನರ್ಸ್ ಅಂತನ ಕೇಳಾಕತ್ತೀನ್ರಿ ಮೇಡಂ. ಕೂಸು ಅತ್ತಿದ್ದನ್ನ ನರ್ಸ್ ಬರೀಲಿಲ್ಲ ಅಂದ್ರ ಮತ್ಯಾರ್ ಬರೀತಾರ್ರಿ?"

ಮೇಡಂ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸೋಮವಾರದೊಳಗೆ ಎಂದಷ್ಟೇ ಹೇಳಿ ಫೈಲಿಗೆ ತಲೆ ಬಗ್ಗಿಸಿದರು.

ಟಂಟಂನಲ್ಲಿ ಅಂದು ಇದ್ದವರು ಮೂವರು. ಹನುಮಂತಿ, ಈರಮ್ಮ, ಗಾಡಿ ಓಡಿಸುವವನು. ಎಂಜಿನ್ ಸಪ್ಪಳದಲ್ಲಿ ನನಗೇನೂ ಕೇಳಿಲ್ಲ, ನನ್ನ ಕಣ್ಣೆಲ್ಲ ರಸ್ತೆಯ ಮೇಲಿತ್ತು ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಉಳಿದವಳು ಈರಮ್ಮ. ನಿಮಿಷ ಅಳೆಯಲು ಅದೇ ಗಾಡಿಯಲ್ಲಿ ಅದೇ ದಾರಿಯಲ್ಲಿ ಹೋಗುವುದೆಂದು ನಾನು, ಮಹಬೂಬಿ ಮಾತಾಡಿಕೊಂಡೆವು. ಈರಮ್ಮ ಬಾಯಿ ಬಿಡದಿದ್ದರೆ ಆ ನಿಮಿಷಗಳಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಾವು ಹೋದ ದಿನ ದೇವದುರ್ಗದಲ್ಲಿ ಸಂತೆ. ಈರಮ್ಮ ಅಂಗಳದಲ್ಲೇ ನಮ್ಮನ್ನು ತಡೆದಳು. ಅಷ್ಟು ಹೊತ್ತಿಗೆ ಸೊಸೆ ಹೊಲದಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಮಹಬೂಬಿಗೆ ಮೊದಲು ಬೈದಳು. ಬಾಣಂತಿಗೆ ಗುಳಿಗೆ ಕೊಡಲು ಬರುವವಳು ಮನೆ ಮುರಿಯಲು ಯಾವಾಗಿನಿಂದ ಹೊರಟೆ ಎಂದಳು. ಮಹಬೂಬಿ, ಗುಳಿಗೆ ಕೊಟ್ಟರೂ ನೀ ಬೈತಿದ್ದಿ, ಇದೇನು ಹೊಸದೇ ಎಂದು ಅಲ್ಲೇ ಕಟ್ಟೆಯ ಮೇಲೆ ಕೂತಳು. ಆಮೇಲೆ ಈರಮ್ಮ ನನ್ನ ಕಡೆ ತಿರುಗಿದಳು.

"ಸತ್ತ ಕೂಸಿನ್ನ ಎಬ್ಬಿಸಿ ಏನ್ ಮಾಡತೀರಿ? ನಾಳಿ ಇಕಿ ಮತ್ತ ಬಸುರಾಗಿ, ಅಂಜಿ ನೆಲ ಹಿಡದು ಕುಂತ್ರ ಧೈರ್ಯ ಹೇಳಾಕ ನೀವು ಬರತೀರೇನು? ನಾ ಇರೂದು ಅದ ಇಕಿ ಜೋಡಿ."

ಅದಕ್ಕೆ ಉತ್ತರ ಕೊಟ್ಟವಳು ಹನುಮಂತಿ. ಒಳಗಿನಿಂದ ಬಂದು ಚಪ್ಪಲಿ ಮೆಟ್ಟುತ್ತ, ದನಿ ಎತ್ತರಿಸದೆ ಹೇಳಿದಳು.

"ಅತ್ತಿ, ನಾ ಮರ್ತಿಲ್ಲ. ನೀವು ಇಲ್ಲ ಅಂದಷ್ಟೂ ನನಗೊಬ್ಬಾಕಿಗೇ ಕೇಳತದ. ಎಷ್ಟ ದಿನ ಒಬ್ಬಾಕೇ ಕೇಳ್ಲಿ?"

ಅಷ್ಟು ಹೇಳಿ ಟಂಟಂ ಹತ್ತಿ ಕೂತಳು. ಈರಮ್ಮ ಅಂಗಳದಲ್ಲೇ ನಿಂತಿದ್ದಳು. ನಾನೂ ಮಹಬೂಬಿಯೂ ಹತ್ತಿದೆವು, ಗಾಡಿ ಶುರುವಾಯಿತು. ಆಗ ಅವಳು ಗೂಟದಿಂದ ಕೈಚೀಲ ತೆಗೆದುಕೊಂಡು ಬಂದು, ಸೊಸೆಯನ್ನು ಆಚೆ ಸರಿ ಎಂದು ದೂಡಿ ಪಕ್ಕದಲ್ಲಿ ಕೂತಳು. "ಸಂತಿಗಿ ಹೋಗೂದು ಅದ, ಅದಕ ಬರಾಕತ್ತೀನಿ. ನಿಮ್ಮ ಹಾಳಿ ಸಲುವಾಗಿ ಅಲ್ಲ."

ಅಂದು ಹೇಗೆ ಓಡಿಸಿದ್ದೆಯೋ ಹಾಗೆಯೇ ಓಡಿಸು ಎಂದು ಗಾಡಿಯವನಿಗೆ ಹೇಳಿದ್ದೆ. ಜೋರಾಗಿಯೇ ಓಡಿಸಿದ. ಎರಡೂ ಕಡೆ ಹತ್ತಿ ಒಡೆದು ಬೆಳ್ಳಗಿತ್ತು, ನಡುನಡುವೆ ತೊಗರಿ. ಕೆನಾಲ್‌ನಲ್ಲಿ ನೀರು ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಬಂದಾಗ ಹನುಮಂತಿ, ಇಲ್ಲಿ, ಎಂದಳು. ನಾನು ಗಡಿಯಾರ ನೋಡಿದೆ. ಸೆಕೆಂಡ್ ಮುಳ್ಳಿನ ಗಡಿಯಾರ, ವಾರ್ಡಿನಲ್ಲಿ ನಾಡಿ ಎಣಿಸಲು ಇಟ್ಟುಕೊಂಡದ್ದು. ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ. ಆ ಮೌನ ಎಷ್ಟು ಉದ್ದವಿತ್ತು ಎಂದು ನಾನು ಹೇಳಬಲ್ಲೆ, ಅಳೆಯುತ್ತಿದ್ದವಳೇ ನಾನು. ಮೊದಲ ನಿಮಿಷ ದಾಟುವುದೇ ಕಷ್ಟವಾಯಿತು. ಇಷ್ಟು ಹೊತ್ತು ಒಂದು ಕೂಸು ಅತ್ತಿದೆ, ಅದನ್ನು ಒಂದು ಗುರುತು ಹಾಕಿ ನಾನು ಇಲ್ಲವೆನಿಸಿದ್ದೆ. ಎರಡನೆಯ ನಿಮಿಷ. ಮೂರನೆಯದು. ಆರು ನಿಮಿಷಕ್ಕೆ ಹತ್ತಿ ಮಿಲ್ಲಿನ ಗೇಟು ಬಂತು.

ಇಲ್ಲೀತನಕ, ಎಂದಳು ಹನುಮಂತಿ. ಗಾಡಿಯವನು ಬ್ರೇಕ್ ಒತ್ತಿದ. ನಾನು ಆರು ಎಂದು ಬರೆದುಕೊಂಡೆ.

ಈರಮ್ಮ ಹೊರಗೆ ನೋಡುತ್ತಿದ್ದಳು. "ನಿಲ್ಲಿಸಬ್ಯಾಡ," ಎಂದಳು, "ನಡಿ."

ಗಾಡಿಯವನು ಹಿಂದೆ ತಿರುಗಿ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಮಿಲ್ಲು ಹಿಂದೆ ಉಳಿಯಿತು. ಪೆಟ್ರೋಲ್ ಬಂಕ್ ಹೋಯಿತು. ಏಳು ನಿಮಿಷ. ಎಂಟು. ಇಟ್ಟಂಗಿ ಭಟ್ಟಿಯ ಹೊಗೆ ಕಾಣಿಸಿತು. ಭಟ್ಟಿಯ ಎದುರು, ಸುಟ್ಟ ಇಟ್ಟಂಗಿ ಒಟ್ಟಿದಲ್ಲಿ, ಈರಮ್ಮ ಗಾಡಿಯ ಕಂಬಿ ತಟ್ಟಿದಳು. ಒಂಬತ್ತು ನಿಮಿಷ ದಾಟಿತ್ತು.

"ಇಲ್ಲಿ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಮಿಲ್ಲಿನ ಹತ್ರ ನೀ ಕಣ್ಣ ಮುಚ್ಚಿದಿ ಬೇ. ಅದು ಸುಮ್ಮನಾಗಿದ್ದಿಲ್ಲ. ದನಿ ಸಣ್ಣದಾಗಿತ್ತು, ಗಾಡಿ ಸಪ್ಪಳದಾಗ ಯಾರಿಗೂ ಕೇಳೂವಂಗ ಇದ್ದಿಲ್ಲ. ನನ್ನ ಸೆರಗಿನಾಗ, ಎದಿ ಮ್ಯಾಲ ಇತ್ತಲ್ಲ. ನನಗ ಕೇಳತಿತ್ತು."

"ಭಟ್ಟಿತನಕ?" ಎಂದಳು ಹನುಮಂತಿ.

"ಭಟ್ಟಿತನಕ."

ಹನುಮಂತಿ ಅಳಲಿಲ್ಲ. ಇಟ್ಟಂಗಿಗಳನ್ನು, ಹೊಗೆಯನ್ನು, ರಸ್ತೆಯ ಅಂಚಿನ ಜಾಲಿಯನ್ನು ನೋಡಿದಳು. ತಾನು ನೋಡಿರದ ಊರಿಗೆ ಬಂದವಳಂತೆ ಒಂದೊಂದನ್ನೇ ನೋಡಿದಳು. ನಾನು ಆರನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದೆ. ಅತ್ತಿತೇ ಎಂಬುದರ ಮುಂದೆ ಹೌದು ಎಂದು ಬರೆದು, ಹಳೆಯ ಗುರುತನ್ನು ಕಾಣುವಂತೆಯೇ ಹೊಡೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ತಪ್ಪು ನನ್ನದೆಂದು ಅಲ್ಲಿ ಕಾಣಬೇಕಿತ್ತು.

ಸಾಕ್ಷಿಯ ಜಾಗದಲ್ಲಿ ಈರಮ್ಮ ಹೆಬ್ಬೆಟ್ಟು ಒತ್ತಿದಳು. ಗಾಡಿ ನಡುಗುತ್ತಿತ್ತು, ಮಸಿ ಹರಡಿತು. ಗಾಡಿಯವನಿಗೆ ಎಂಜಿನ್ ಬಂದ್ ಮಾಡು ಎಂದು ಗದರಿಸಿ, ಅದರ ಪಕ್ಕದಲ್ಲೇ ಇನ್ನೊಮ್ಮೆ ಒತ್ತಿದಳು. ಎರಡನೆಯದರಲ್ಲಿ ಗೆರೆ ಗೆರೆಯೂ ಮೂಡಿತು. "ಯಾರಾರ ಕೇಳಿದ್ರ ಈರಮ್ಮ ಹೇಳ್ಯಾಳ ಅನ್ರಿ," ಎಂದಳು. ಸೋಮವಾರ ಮೇಡಂ ಆ ಎರಡು ಹೆಬ್ಬೆಟ್ಟುಗಳನ್ನು ಬಹಳ ಹೊತ್ತು ನೋಡಿದರು. ನಮೂನೆಗಳ ಕಟ್ಟನ್ನು ಕಂಪ್ಯೂಟರಿಗೆ ಕಳಿಸದೆ ನನ್ನ ಕಡೆಗೆ ದೂಡಿ, ಎಲ್ಲ ಮನೆಗಳಿಗೂ ಮತ್ತೆ ಹೋಗು, ತಡವಾದದ್ದಕ್ಕೆ ಉತ್ತರ ನಾನು ಕೊಡುತ್ತೇನೆ ಎಂದರು. ಹೋದೆವು. ಹತ್ತಿಯ ಸಾಲುಗಳಲ್ಲಿ, ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಕೆಲವರು ಮೊದಲಿನ ಮಾತನ್ನೇ ಹೇಳಿದರು, ನಿಜವಾಗಿಯೂ ಅಳದ ಕೂಸುಗಳಿರುತ್ತವೆ. ಕೆಲವರು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನಮ್ಮನ್ನು ನೋಡಿದರು.

ಅದೆಲ್ಲ ಆಮೇಲಿನದು. ಅಂದು ಭಟ್ಟಿಯ ಎದುರು ನಾನು ಮಸಿಡಬ್ಬಿ ಮುಚ್ಚಿ ಚೀಲಕ್ಕೆ ಹಾಕುವಷ್ಟರಲ್ಲಿ ಈರಮ್ಮ ನನ್ನ ಕೈ ತಡೆದಳು.

"ಇನ್ನೊಂದು ಹಾಳಿ ಅದೇನ್ರಿ?"

ಇದರದೇ ಒಂದು ಪ್ರತಿ ಬೇಕೇ ಎಂದೆ. ಅಲ್ಲ ಎಂದು ತಲೆಯಾಡಿಸಿದಳು.

"ನಂದೂ ಒಂದು 'ಅಳಲಿಲ್ಲ' ಅದ. ಇಕಿ ಗಂಡ ಹುಟ್ಟೂಕಿಂತ ಮೊದಲಿಂದು. ನಮ್ಮತ್ತಿ ಹೇಳಿದ್ಲು. ನಾ ಕೇಳಿದ್ದೆ ಅದರ ದನಿ."

ನಮ್ಮ ಸಂಶೋಧನೆಗೆ ಹಿಂದಿನ ಎರಡು ವರ್ಷಗಳ ಸಾವುಗಳಷ್ಟೇ ಬೇಕಿದ್ದವು. ಮಹಬೂಬಿ ಇದು ಪಟ್ಟಿಯಲ್ಲಿ ಬರುವುದಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದಳು. ನಾನು ಹೊಸ ನಮೂನೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹನುಮಂತಿಗೆ, ಸ್ವಲ್ಪ ಇಳಿದು ಆಚೆ ನಿಲ್ಲವ್ವಾ, ತಾಯಿಯನ್ನು ಒಬ್ಬಳನ್ನೇ ಕೇಳಬೇಕು ಎಂದೆ. ಅವಳು ಏಳಹೋದಳು.

ಈರಮ್ಮ ಮಸಿ ಹತ್ತಿದ ಕೈಯಲ್ಲೇ ಸೊಸೆಯ ಮೊಣಕೈ ಹಿಡಿದು ಕೂರಿಸಿದಳು.

"ಇರ್ಲಿ ಬಿಡ್ರಿ. ಇಕಿನೂ ಕೇಳ್ಲಿ."